ಅಜ್ಜ ಕಂಡ ಕಳ್ಳ

ಮದುವೆಯಲ್ಲೋ ಉಪನಯನದಲ್ಲೋ ಊಟಕ್ಕೆ ಕೂತಾಗ ಪಕ್ಕದವರು ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಎಂತ ಓದಿದ್ದು ಕೂಸೆ?"

"ಫೊರೆನ್ಸಿಕ್ ಸೈಕಾಲಜಿ" ಅನ್ನುತ್ತೇನೆ. ಕೆಲವರು ಅದು ಹೆಣ ಕೊಯ್ಯುವ ಓದು ಎಂದುಕೊಂಡು ತಮ್ಮ ಬಾಳೆಲೆಯನ್ನು ಸ್ವಲ್ಪ ಆಚೆ ಸರಿಸಿಕೊಳ್ಳುತ್ತಾರೆ. ಇನ್ನು ಕೆಲವರು "ಹಾಗಾದ್ರೆ ನನ್ನ ಮನಸ್ಸಲ್ಲಿ ಈಗ ಎಂತ ಇದೆ ಹೇಳು ನೋಡೋಣ" ಎನ್ನುತ್ತಾರೆ. "ಜಿಲೇಬಿ ಇನ್ನೂ ಈ ಸಾಲಿಗೆ ಬಂದಿಲ್ಲ ಅಂತ ಇದೆ" ಎಂದರೆ ನಕ್ಕು ಒಪ್ಪಿಕೊಳ್ಳುತ್ತಾರೆ. ಅಷ್ಟು ಮನಃಶಾಸ್ತ್ರ ಯಾರಿಗಾದರೂ ಬರುತ್ತದೆ.

ನನ್ನ ಅಜ್ಜ ಮಾತ್ರ ಒಂದೇ ಮಾತಿನಲ್ಲಿ ಎಲ್ಲರಿಗೂ ಅರ್ಥ ಮಾಡಿಸಿಬಿಟ್ಟಿದ್ದ. "ನನ್ನ ಮೊಮ್ಮಗಳು ಕಳ್ಳರನ್ನು ಹಿಡಿಯೋ ಕಾಲೇಜಿಗೆ ಹೋಗ್ತಾಳೆ. ನನ್ನ ರಕ್ತವೇ ಅಲ್ದಾ!"

ಅಜ್ಜ ಹೀಗೆ ಹೇಳಲು ಕಾರಣವಿತ್ತು. ಶಿರಸಿ ಹತ್ತಿರದ ಅಜ್ಜನ ಮನೆಗೆ ರಜೆಯಲ್ಲಿ ಹೋದ ಪ್ರತಿ ಮಗುವೂ ಕೇಳಿ ಬೆಳೆದ ಕಥೆ ಒಂದಿದೆ. ನನ್ನ ಅಮ್ಮ ಮೂರನೇ ಕ್ಲಾಸಿನಲ್ಲಿದ್ದಾಗ ನಡೆದದ್ದು. ಶಿವರಾತ್ರಿಯ ಜಾಗರಣೆಗೆ ಊರಿಗೆ ಊರೇ ದೇವಸ್ಥಾನದಲ್ಲಿತ್ತು. ಕವಳದ ಸಂಚಿ ಮರೆತು ಬಂದಿದ್ದೇನೆಂದು ಅಜ್ಜ ನಡುರಾತ್ರಿ ಒಬ್ಬನೇ ಮನೆಗೆ ವಾಪಸು ಬಂದ. ನೋಡಿದರೆ, ಅಂಗಳದಲ್ಲಿ ಒಣಗಿಸಿ ಚೀಲಕ್ಕೆ ತುಂಬಿಟ್ಟಿದ್ದ ಚಾಲಿ ಅಡಿಕೆಯ ಒಂದು ಮೂಟೆಯನ್ನು ಯಾರೋ ಬೆನ್ನ ಮೇಲೆ ಹೊತ್ತು ತೋಟದ ದಾರಿ ಹಿಡಿದಿದ್ದಾನೆ! ಅಜ್ಜ "ಯಾರದು?" ಎಂದು ಕೂಗಿದ. ಆ ಮನುಷ್ಯ ತಿರುಗಿ ನೋಡಿದ. ಹಾಲು ಚೆಲ್ಲಿದಂಥ ಬೆಳದಿಂಗಳು. ಮುಖ ಸ್ಪಷ್ಟವಾಗಿ ಕಂಡಿತು. ನಮ್ಮ ತೋಟದಲ್ಲೇ ಕೆಲಸ ಮಾಡುತ್ತಿದ್ದವನು. ಮರುದಿನ ಊರಿನ ಹಿರಿಯರು ಸೇರಿದರು. ಅವನು ಎಷ್ಟು ಅತ್ತರೂ ಅಜ್ಜ ಕಂಡದ್ದನ್ನು ಕಂಡ ಹಾಗೆ ಹೇಳಿದ. ಅವನಿಗೆ ಇನ್ನೂರು ರೂಪಾಯಿ ದಂಡ ಹಾಕಿದರು. ಯುಗಾದಿಗೆ ಮೊದಲೇ ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟ.

ಅಜ್ಜ ಈ ಕಥೆ ಹೇಳುವಾಗ "ತಿರುಗಿ ನೋಡಿದ" ಎನ್ನುವ ಜಾಗದಲ್ಲಿ ತಾನೂ ತಿರುಗಿ ನೋಡುತ್ತಿದ್ದ. ನಾವೆಲ್ಲ ಚಾದರದೊಳಗೆ ಮುದುಡಿಕೊಳ್ಳುತ್ತಿದ್ದೆವು. ಧಾರವಾಡದಲ್ಲಿ ಬಿ.ಎ. ಮುಗಿಸಿ ಗುಜರಾತಿನ ಗಾಂಧಿನಗರಕ್ಕೆ ಹೊರಟಾಗ ನನ್ನ ತಲೆಯಲ್ಲಿ ಇದ್ದದ್ದು ಈ ಅಂಗಳ, ಈ ಬೆಳದಿಂಗಳು.

ಗಾಂಧಿನಗರದಲ್ಲಿರುವುದು ರಾಷ್ಟ್ರೀಯ ಫೊರೆನ್ಸಿಕ್ ವಿಜ್ಞಾನ ವಿಶ್ವವಿದ್ಯಾಲಯ. ಮೊದಲು ಅದು ಗುಜರಾತ್ ಸರ್ಕಾರದ್ದಾಗಿತ್ತು, 2020ರಲ್ಲಿ ರಾಷ್ಟ್ರೀಯ ಸಂಸ್ಥೆಯಾಯಿತು. ಈಗ ಧಾರವಾಡದಲ್ಲೇ ಅದರ ಕ್ಯಾಂಪಸ್ ಆಗಿದೆ. ಊರಿಗೆ ಬೀದಿಗಳ ಬದಲು ಸೆಕ್ಟರ್ ನಂಬರುಗಳು, ಸಾಲುಸಾಲು ಬೇವಿನ ಮರಗಳು, ಬೇಳೆಸಾರಿಗೂ ಬೆಲ್ಲ. ಬೆಲ್ಲದ ಸಾರಿಗೆ ಒಗ್ಗಿಕೊಳ್ಳಲು ನನಗೆ ಒಂದು ಇಡೀ ಸೆಮಿಸ್ಟರು ಬೇಕಾಯಿತು.

ಮೊದಲ ದಿನ ಒಬ್ಬ ಮೇಷ್ಟ್ರು ಪ್ರತಿಯೊಬ್ಬರನ್ನೂ ಇಲ್ಲಿಗೆ ಯಾಕೆ ಬಂದಿರಿ ಎಂದು ಕೇಳಿದರು. ನಾನು ಹೆಮ್ಮೆಯಿಂದ ಅಜ್ಜನ ಕಥೆ ಹೇಳಿದೆ. ಅವರು ಮೂರೇ ಪ್ರಶ್ನೆ ಕೇಳಿದರು. ಎಷ್ಟು ದೂರದಿಂದ ನೋಡಿದರು? ಎಷ್ಟು ಹೊತ್ತು ನೋಡಿದರು? ಬೆಳಕು ಎಷ್ಟಿತ್ತು? "ಒಳ್ಳೇ ಬೆಳದಿಂಗಳು ಸರ್" ಎಂದೆ. ಅವರು ತಲೆಯಾಡಿಸಿ ಮುಂದಿನವರ ಕಡೆ ಹೋದರು.

ಮೂರನೆಯ ವಾರ ಪಾಠದ ನಡುವೆ ಒಬ್ಬ ಅಪರಿಚಿತ ದಡಬಡನೆ ಒಳಗೆ ಬಂದು, ಯಾವುದೋ ಫೈಲಿನ ವಿಷಯಕ್ಕೆ ಅದೇ ಮೇಷ್ಟ್ರ ಹತ್ತಿರ ಜೋರು ಮಾಡಿ, ಮೇಜಿನ ಮೇಲಿದ್ದ ಅವರ ಚೀಲವನ್ನೇ ಎತ್ತಿಕೊಂಡು ಹೋಗಿಬಿಟ್ಟ. ನಾವು ಗಾಬರಿಯಾಗಿ ಎದ್ದು ನಿಂತೆವು. ಮೇಷ್ಟ್ರು ಶಾಂತವಾಗಿ "ಕುಳಿತುಕೊಳ್ಳಿ. ಅವನು ಹೇಗಿದ್ದ ಬರೆಯಿರಿ. ಎಷ್ಟು ಖಾತ್ರಿ ಅಂತ ಹತ್ತಕ್ಕೆ ಅಂಕ ಹಾಕಿ" ಎಂದರು. ನಾನು ಬರೆದೆ: ನೀಲಿ ಅಂಗಿ, ಕನ್ನಡಕ, ದಪ್ಪ ಮೀಸೆ. ಖಾತ್ರಿ, ಹತ್ತಕ್ಕೆ ಒಂಬತ್ತು. ಹತ್ತು ನಿಮಿಷದ ನಂತರ ಆ ಮನುಷ್ಯ ನಗುತ್ತಾ ವಾಪಸು ಬಂದ. ಅಂಗಿ ನೀಲಿಯೇ. ಕನ್ನಡಕವೂ ಇತ್ತು. ಮೀಸೆ ಇರಲಿಲ್ಲ. ನನ್ನ ಕಣ್ಣಿಗೆ ಆ ಮೀಸೆ ಈಗಲೂ ಕಾಣುತ್ತದೆ, ಏನು ಮಾಡಲಿ!

ಈ ಆಟ ಹೊಸದಲ್ಲ. ನೂರಿಪ್ಪತ್ತು ವರ್ಷಗಳ ಹಿಂದೆಯೇ ಬರ್ಲಿನ್ನಿನಲ್ಲಿ ಫಾನ್ ಲಿಸ್ಟ್ ಎಂಬ ಕಾನೂನು ಪ್ರಾಧ್ಯಾಪಕರು ತಮ್ಮ ತರಗತಿಯಲ್ಲಿ ಪಿಸ್ತೂಲು ಸಮೇತ ಸುಳ್ಳು ಜಗಳ ಮಾಡಿಸಿ ವಿದ್ಯಾರ್ಥಿಗಳ ಸಾಕ್ಷಿ ಬರೆಸಿಕೊಂಡಿದ್ದರಂತೆ. ತಪ್ಪುಗಳು ಆಗಲೂ ರಾಶಿ ಬಿದ್ದಿದ್ದವು.

ಆಮೇಲೆ ಓದಿದ್ದು ಅಮೆರಿಕದ ಎಲಿಜಬೆತ್ ಲಾಫ್ಟಸ್ ಎಂಬ ವಿಜ್ಞಾನಿಯ ಪ್ರಯೋಗ. 1974ರದ್ದು. ಮಕ್ಕಳೂ ಇದನ್ನು ಸುಲಭವಾಗಿ ಅರ್ಥ ಮಾಡಿಕೊಳ್ಳಬಹುದು. ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಒಂದು ತುಣುಕು ಚಿತ್ರ ತೋರಿಸಿದರು. ಐವತ್ತು ಜನರನ್ನು "ಕಾರುಗಳು ಅಪ್ಪಳಿಸಿದಾಗ ವೇಗ ಎಷ್ಟಿತ್ತು?" ಎಂದು ಕೇಳಿದರು. ಇನ್ನೈವತ್ತು ಜನರನ್ನು "ಕಾರುಗಳು ಗುದ್ದಿದಾಗ ವೇಗ ಎಷ್ಟಿತ್ತು?" ಎಂದರು. ಒಂದೇ ಒಂದು ಶಬ್ದದ ವ್ಯತ್ಯಾಸ. ವಾರ ಕಳೆದ ಮೇಲೆ ಎಲ್ಲರನ್ನೂ ಕರೆದು "ಒಡೆದ ಗಾಜು ನೋಡಿದಿರಾ?" ಎಂದು ಕೇಳಿದಾಗ, "ಅಪ್ಪಳಿಸಿದಾಗ" ಎಂದು ಕೇಳಿಸಿಕೊಂಡವರಲ್ಲಿ 16 ಜನ ನೋಡಿದ್ದೇವೆ ಎಂದರು. "ಗುದ್ದಿದಾಗ" ಎಂದು ಕೇಳಿಸಿಕೊಂಡವರಲ್ಲಿ 7 ಜನ. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ.

ನೆನಪು ಎಂದರೆ ಪೆಟ್ಟಿಗೆಯಲ್ಲಿ ಇಟ್ಟ ಫೋಟೋ ಎಂದು ನಾನು ಅಂದುಕೊಂಡಿದ್ದೆ. ಅದು ಫೋಟೋ ಅಲ್ಲ, ಪ್ರತಿ ಸಲ ಹೊಸದಾಗಿ ಮಾಡುವ ಅಡುಗೆ. ಯಾರೋ ಪಕ್ಕದಲ್ಲಿ ನಿಂತು ಒಂದು ಚಿಟಿಕೆ ಏನೋ ಹಾಕಿದರೆ ಅದೂ ಸೇರಿಕೊಳ್ಳುತ್ತದೆ. ಆಮೇಲೆ ಬೇರೆ ಮಾಡಿ ತೆಗೆಯಲು ಬರುವುದಿಲ್ಲ.

ಎಲ್ಲ ಪಾಠವೂ ಹೀಗೆ ಮನಸ್ಸನ್ನು ಕಲಕುವಂಥದ್ದಾಗಿರಲಿಲ್ಲ. ಬೆರಳಚ್ಚಿನ ತರಗತಿಯಂದು ಹತ್ತೂ ಬೆರಳಿಗೆ ಶಾಯಿ ಬಳಿದುಕೊಂಡು, ಎಷ್ಟು ತಿಕ್ಕಿದರೂ ಹೋಗದೆ, ಮೆಸ್ಸಿನಲ್ಲಿ ಎಲ್ಲರ ರೊಟ್ಟಿಯೂ ಕಪ್ಪಾಯಿತು. ಬೆರಳಚ್ಚನ್ನು ವಿಂಗಡಿಸಿ ಹುಡುಕುವ ಕ್ರಮ ಬೆಳೆದದ್ದು ನಮ್ಮ ದೇಶದಲ್ಲೇ ಎಂದು ತಿಳಿದಾಗ ಖುಷಿಯಾಯಿತು. 1897ರಲ್ಲಿ ಕಲ್ಕತ್ತದಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು. ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಲೆಕ್ಕ ಹಾಕಿ ಕೂಡಿಸಿದ ಆ ಪದ್ಧತಿಗೆ ಹೆಸರು ಬಂದದ್ದು ಮಾತ್ರ ಅವರ ಮೇಲಧಿಕಾರಿ ಹೆನ್ರಿ ಸಾಹೇಬರದ್ದು.

ಸುಳ್ಳು ಪತ್ತೆ ಯಂತ್ರವನ್ನೂ ನೋಡಿದೆ. ಸಿನಿಮಾದಲ್ಲಿ ತೋರಿಸುವ ಹಾಗೆ ಅದು ಸುಳ್ಳನ್ನು ಹಿಡಿಯುವುದಿಲ್ಲ. ಉಸಿರಾಟ, ರಕ್ತದೊತ್ತಡ, ಬೆರಳಿನ ಬೆವರು ಇವುಗಳನ್ನು ಅಳೆಯುತ್ತದೆ, ಅಷ್ಟೇ. ಹೆದರಿದ ಪ್ರಾಮಾಣಿಕನೂ ಬೆವರುತ್ತಾನೆ. ಒಪ್ಪಿಗೆ ಇಲ್ಲದೆ ಯಾರನ್ನೂ ಆ ಯಂತ್ರಕ್ಕೆ ಕೂರಿಸುವಂತಿಲ್ಲ, ಮಂಪರು ಪರೀಕ್ಷೆಯನ್ನೂ ಮಾಡುವಂತಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆ ಮೊಕದ್ದಮೆಯ ಹೆಸರಿನಲ್ಲೇ 'ಕರ್ನಾಟಕ ರಾಜ್ಯ' ಇದೆ. ತರಗತಿಯಲ್ಲಿ ಅದು ಬಂದಾಗಲೆಲ್ಲ ಗೆಳತಿಯರು ನನ್ನ ಕಡೆ ತಿರುಗಿ ನೋಡುತ್ತಿದ್ದರು, ನಾನೇ ಪ್ರತಿವಾದಿ ಎಂಬ ಹಾಗೆ.

ನಿದ್ದೆ ಕೆಡಿಸಿದ್ದು ಬೇರೆಯೇ ಒಂದು ಪ್ರಕರಣ. 1984ರಲ್ಲಿ ಅಮೆರಿಕದ ನಾರ್ತ್ ಕೆರೊಲೈನಾದಲ್ಲಿ ಒಬ್ಬ ಯುವತಿಯ ಮನೆಗೆ ರಾತ್ರಿ ಒಬ್ಬ ದುಷ್ಟ ನುಗ್ಗಿದ. ಬದುಕಿ ಉಳಿದರೆ ಇವನನ್ನು ಗುರುತಿಸಲೇಬೇಕೆಂದು ಆಕೆ ಅವನ ಮುಖವನ್ನು ನೋಡಿ ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡಳು. ಪೊಲೀಸರು ತೋರಿಸಿದ ಫೋಟೋಗಳಲ್ಲಿ ರೊನಾಲ್ಡ್ ಕಾಟನ್ ಎಂಬವನನ್ನು ಆರಿಸಿದಳು. ಸಾಲಾಗಿ ನಿಲ್ಲಿಸಿದಾಗಲೂ ಅವನನ್ನೇ ತೋರಿಸಿದಳು. ಮೂರು ವರ್ಷದ ನಂತರ ಮರುವಿಚಾರಣೆಯಲ್ಲಿ ನಿಜವಾದ ಅಪರಾಧಿಯನ್ನೇ ತಂದು ಎದುರಿಗೆ ನಿಲ್ಲಿಸಿದರೂ "ಇವನನ್ನು ನಾನು ನೋಡಿಯೇ ಇಲ್ಲ" ಎಂದಳು. ಹತ್ತೂವರೆ ವರ್ಷ ಜೈಲಿನಲ್ಲಿದ್ದ ಮೇಲೆ, 1995ರಲ್ಲಿ, ಡಿಎನ್‌ಎ ಪರೀಕ್ಷೆಯಿಂದ ಕಾಟನ್ ಬಿಡುಗಡೆಯಾದ. ಆಕೆ ಸುಳ್ಳು ಹೇಳಿರಲಿಲ್ಲ. ಅವಳ ನೆನಪಿನಲ್ಲಿ ಅಷ್ಟು ಹೊತ್ತಿಗೆ ಕಾಟನ್‌ನ ಮುಖವೇ ಕೂತುಬಿಟ್ಟಿತ್ತು. ಆಮೇಲೆ ಆಕೆ ಅವನನ್ನು ಕಂಡು ಕ್ಷಮೆ ಕೇಳಿದಳು, ಇಬ್ಬರೂ ಸ್ನೇಹಿತರಾದರು, ಸೇರಿ ಒಂದು ಪುಸ್ತಕವನ್ನೂ ಬರೆದರು.

ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ನನಗೆ ನೆನಪಾದದ್ದು, ಅಜ್ಜನ ಕಥೆಯಲ್ಲಿ ನಾವು ಯಾವತ್ತೂ ಗಮನ ಕೊಡದ ಒಂದು ವಾಕ್ಯ. "ಅವನು ಎಷ್ಟು ಅತ್ತರೂ."

ಡಿಸೆಂಬರಿನಲ್ಲಿ ಊರಿಗೆ ಹೋದೆ. ಏನನ್ನೂ ಕೇಳಬಾರದು ಎಂದುಕೊಂಡೇ ಹೋಗಿದ್ದೆ. ಅಜ್ಜನಿಗೆ ಎಂಬತ್ತು ದಾಟಿದೆ. ಹೆಮ್ಮೆಪಡಲು ಉಳಿದಿರುವ ಕೆಲವೇ ಸಂಗತಿಗಳಲ್ಲಿ ಅದೂ ಒಂದು. ಅದನ್ನು ಕಿತ್ತುಕೊಂಡು ನನಗೆ ಆಗಬೇಕಾದ್ದು ಏನಿದೆ?

ಕೊನೆ ಕೊಯ್ಲಿನ ಕಾಲ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಎಲ್ಲರೂ ಮೆಟ್ಟುಗತ್ತಿ ಹಾಕಿಕೊಂಡು ಹಸಿ ಅಡಿಕೆ ಸುಲಿಯಲು ಕೂತಿದ್ದೆವು. ಆರನೇ ಕ್ಲಾಸಿನ ಪುಟ್ಟ, ಚಿಕ್ಕಮ್ಮನ ಮಗ, ಸಿಪ್ಪೆ ಬಾಚುವ ಕೆಲಸದಲ್ಲಿದ್ದ. "ಅಕ್ಕ, ನಿಮ್ಮ ಕಾಲೇಜಿನ ಒಂದು ಕೇಸು ಹೇಳು" ಎಂದ. ಚಿಕ್ಕವನಿಗೆ ಹೇಳಬಹುದಾದ ಕೇಸು ಯಾವುದು ಎಂದು ಹುಡುಕಿ, ಅಬ್ರಹಾಂ ಲಿಂಕನ್‌ರದ್ದು ಹೇಳಿದೆ. ಅಧ್ಯಕ್ಷರಾಗುವ ಮೊದಲು, 1858ರಲ್ಲಿ, ವಕೀಲರಾಗಿದ್ದ ಲಿಂಕನ್ ಹಳೆಯ ಸ್ನೇಹಿತರ ಮಗನ ಪರ ಒಂದು ಕೊಲೆ ಮೊಕದ್ದಮೆ ನಡೆಸಿದರು. ರಾತ್ರಿ ಹನ್ನೊಂದರ ಹೊತ್ತಿಗೆ ದೂರದಿಂದ ಎಲ್ಲವನ್ನೂ ಕಂಡೆ, ತುಂಬು ಬೆಳದಿಂಗಳಿತ್ತು ಎಂದು ಸಾಕ್ಷಿ ಹೇಳಿದ. ಲಿಂಕನ್ ಅವನ ಬಾಯಲ್ಲಿ ಬೆಳದಿಂಗಳು ಎಂದು ಹಲವು ಸಲ ಹೇಳಿಸಿದರು. ಆಮೇಲೆ ಆ ವರ್ಷದ ಪಂಚಾಂಗ ತರಿಸಿ ತೆರೆದರು. ಆ ಹೊತ್ತಿಗೆ ಚಂದ್ರ ಮುಳುಗುವ ಹಂತದಲ್ಲಿದ್ದ! ಹುಡುಗ ಬಿಡುಗಡೆಯಾದ.

ನಾನು ಈ ಕಥೆಯನ್ನೇ ಯಾಕೆ ಆರಿಸಿದೆ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಗೊತ್ತಿದ್ದೂ ಹೇಳಿದೆನೇ ಎಂದರೆ, ಇಲ್ಲ ಎಂದು ಹತ್ತಕ್ಕೆ ಒಂಬತ್ತು ಅಂಕ ಕೊಡಲಾರೆ.

ಪುಟ್ಟ ಸಿಪ್ಪೆಯ ಬುಟ್ಟಿ ಕೆಳಗಿಟ್ಟ. "ಅಜ್ಜ, ನಿನ್ನ ಕಳ್ಳ ಬಂದಿದ್ದು ಶಿವರಾತ್ರಿ ದಿನ ಅಲ್ದಾ?"

"ಹೌದು ಮತ್ತೆ."

"ಶಿವರಾತ್ರಿ ಮರುದಿನ ಅಮಾವಾಸ್ಯೆ. ನಡುರಾತ್ರಿ ಬೆಳದಿಂಗಳು ಎಲ್ಲಿಂದ ಬಂತು?"

ಮೆಟ್ಟುಗತ್ತಿಗಳ ಸದ್ದು ನಿಂತುಹೋಯಿತು. ಮಾಘ ಬಹುಳ ಚತುರ್ದಶಿ. ನಮ್ಮ ಮನೆಯಲ್ಲಿ ತಿಥಿ ನೋಡದೆ ಉಪ್ಪಿನಕಾಯಿಯನ್ನೂ ಹಾಕುವುದಿಲ್ಲ. ಚತುರ್ದಶಿಯ ಚಂದ್ರ ಬೆಳಗಾಗುವ ಸ್ವಲ್ಪ ಮೊದಲು ಒಂದು ಗೆರೆಯ ಹಾಗೆ ಮೂಡುತ್ತಾನೆ ಎಂಬುದು ಅಲ್ಲಿ ಕೂತಿದ್ದ ಎಲ್ಲರಿಗೂ ಗೊತ್ತು. ಆದರೂ ನಲವತ್ತೈದು ವರ್ಷ ಆ ಕಥೆಯಲ್ಲಿ ಬೆಳದಿಂಗಳು ಚೆಲ್ಲುತ್ತಲೇ ಇತ್ತು.

ಅಮ್ಮಮ್ಮ ತಲೆ ಎತ್ತದೆ ಹೇಳಿದಳು: "ಬೆಳದಿಂಗಳು ಆಮೇಲೆ ಸೇರಿದ್ದು. ಮೊದಲು ಇವರು ಲಾಟೀನಿನ ಬೆಳಕು ಅಂತಿದ್ದರು."

ಅಜ್ಜ ಎದ್ದು ಒಳಗೆ ಹೋದ.

ಎರಡು ದಿನ ಯಾರ ಜೊತೆಯೂ ಸರಿಯಾಗಿ ಮಾತಾಡಲಿಲ್ಲ. ಪುಟ್ಟ ತಾನೇನೋ ತಪ್ಪು ಮಾಡಿದೆನೆಂದು ಮಂಕಾಗಿ ತಿರುಗುತ್ತಿದ್ದ. ಮೂರನೆಯ ದಿನ ಬೆಳಿಗ್ಗೆ ಅಜ್ಜ ನನ್ನನ್ನು ತೋಟಕ್ಕೆ ಕರೆದ. ಸಂಕದ ಮೇಲೆ ನಿಂತು ಕೇಳಿದ: "ನಾನು ಸುಳ್ಳು ಹೇಳಿದೆನಾ ಕೂಸೆ?"

"ಇಲ್ಲ ಅಜ್ಜ. ನಿನ್ನನ್ನು ಯಂತ್ರಕ್ಕೆ ಕೂರಿಸಿದ್ದರೂ ಗೆರೆ ಅಲುಗುತ್ತಿರಲಿಲ್ಲ. ನೀನು ಕಂಡೆ ಅಂತ ನಿಂಗೆ ನಿಜವಾಗಿ ಅನ್ನಿಸಿತ್ತು."

"ಸುಳ್ಳೇ ಆಗಿದ್ರೆ ಒಳ್ಳೇದಿತ್ತು" ಎಂದ. "ಸುಳ್ಳು ಹೇಳಿದವನಿಗೆ ನಿಜ ಏನು ಅಂತನಾದ್ರೂ ಗೊತ್ತಿರ್ತದೆ."

ಆಮೇಲೆ, ನಿಮ್ಮ ಕಾಲೇಜಿನಲ್ಲಿ ಸಾಕ್ಷಿಯನ್ನು ಹೇಗೆ ಕೇಳುತ್ತಾರೋ ಹಾಗೆ ನನ್ನನ್ನು ಕೇಳು ಎಂದು ಪಟ್ಟುಹಿಡಿದ. ಸಾಕ್ಷಿಗಳನ್ನು ಮಾತಾಡಿಸುವ ಒಂದು ಕ್ರಮವನ್ನು ನಾವು ಕಲಿತಿದ್ದೆವು. 1980ರ ದಶಕದಲ್ಲಿ ಫಿಶರ್ ಮತ್ತು ಗೈಸಲ್‌ಮನ್ ಎಂಬವರು ರೂಪಿಸಿದ್ದು. ಅದರಲ್ಲಿ "ಅವನೇನಾ?" ಎಂಬಂಥ ಪ್ರಶ್ನೆಗೆ ಜಾಗವಿಲ್ಲ. ಆ ಜಾಗ, ಆ ಹೊತ್ತು, ಆ ವಾಸನೆ, ಆ ಚಳಿಗೆ ಮನಸ್ಸಿನಲ್ಲೇ ಮರಳಿ ಹೋಗಲು ಹೇಳಬೇಕು. ಚಿಕ್ಕದು ದೊಡ್ಡದು ಎನ್ನದೆ ನೆನಪಾದದ್ದೆಲ್ಲ ಹೇಳಿಸಬೇಕು. ನಡುವೆ ಬಾಯಿ ಹಾಕಬಾರದು. ನನಗೆ ಎಲ್ಲಕ್ಕಿಂತ ಕಷ್ಟ ಈ ಕೊನೆಯದು.

ರಾತ್ರಿ ದೀಪ ಆರಿಸಿ ಇಬ್ಬರೂ ಅಂಗಳದಲ್ಲಿ ನಿಂತೆವು. ಅಜ್ಜ ಕಣ್ಣು ಮುಚ್ಚಿಕೊಂಡು ನಿಧಾನವಾಗಿ ಹೇಳತೊಡಗಿದ. ಬರಿಗಾಲು. ಅಂಗಳದ ಸಗಣಿ ನೆಲ ತಣ್ಣಗೆ. ದೂರದಲ್ಲಿ ಭಜನೆ. ಗೋಣಿಚೀಲ ಬೆನ್ನಿಗೆ ಉಜ್ಜುವ ಸದ್ದು. ಲಾಟೀನು ಕೈಯಲ್ಲಿ ಇರಲಿಲ್ಲ, ಎಣ್ಣೆ ಕಡಿಮೆಯಿತ್ತೆಂದು ದೇವಸ್ಥಾನದಲ್ಲೇ ಬಿಟ್ಟಿದ್ದೆ. ಕೂಗಿದೆ. ಅವನು ಓಡಿದ.

ಬಹಳ ಹೊತ್ತು ಸುಮ್ಮನಿದ್ದ. "ಬೆನ್ನು ಕೂಸೆ. ಬೆನ್ನು ಮಾತ್ರ. ಮುಖ ಇಲ್ಲ."

ನಾನು ಕಾದೆ.

"ಬೆಳಿಗ್ಗೆ ಜನ ಸೇರಿದರು. ಯಾರೋ ಅಂದರು, ಮೊನ್ನೆ ಕೂಲಿ ವಿಷಯಕ್ಕೆ ನಿನ್ನ ಹತ್ತಿರ ಜಗಳ ಮಾಡಿದ್ನಲ್ಲ, ಅವನಲ್ಲದೆ ಇನ್ಯಾರು ಅಂತ. ಆಮೇಲೆ ನಂಗೆ ಮುಖ ಕಂಡಿತು."

ಇಲ್ಲಿ ಒಂದು ಮಾತು ಹೇಳಲೇಬೇಕು. ನಲವತ್ತೈದು ವರ್ಷದ ನಂತರ, ನನ್ನ ಪ್ರಶ್ನೆ ಕೇಳಿದ ಮೇಲೆ ಬಂದ ಈ ನೆನಪನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಆ ಮನುಷ್ಯ ನಿರಪರಾಧಿ ಎಂದೂ ಇದರಿಂದ ಸಾಬೀತಾಗುವುದಿಲ್ಲ. ಅಂದು ಯಾರು ಕದ್ದರೋ ಇಂದಿಗೂ ಗೊತ್ತಿಲ್ಲ. ಅಜ್ಜ ನೋಡಿರಲು ಸಾಧ್ಯವಿರಲಿಲ್ಲ ಎನ್ನುವುದಷ್ಟೇ ಖಚಿತ. ಅದಕ್ಕೆ ಸಾಕ್ಷಿ ನನ್ನ ಓದಲ್ಲ, ಗೋಡೆಗೆ ನೇತು ಹಾಕಿದ್ದ ಪಂಚಾಂಗ.

ಇದನ್ನೆಲ್ಲ ಅಜ್ಜನಿಗೂ ಹೇಳಿದೆ. ಅಜ್ಜ ಕೇಳಿಸಿಕೊಂಡು, "ಹಾಗಾದ್ರೆ ಅಷ್ಟನ್ನೇ ಹೇಳಿ ಬರುವ" ಎಂದ.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹಾನಗಲ್ ಕಡೆಯ ಒಂದು ಹಳ್ಳಿಯಲ್ಲಿ ಆ ಮನೆಯವರು ಇದ್ದಾರೆಂದು ಅಮ್ಮಮ್ಮನಿಗೆ ಗೊತ್ತಿತ್ತು. ಹೇಗೆ ಗೊತ್ತು ಎಂದು ನಾವು ಕೇಳಲಿಲ್ಲ. ರಜೆ ಮುಗಿಯುವ ಮೊದಲು ನಾನು, ಅಜ್ಜ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅಜ್ಜ ಕವಳ ಹಾಕಲಿಲ್ಲ.

ಅವನು ತೀರಿಹೋಗಿ ಆರು ವರ್ಷವಾಗಿತ್ತು. ಮಗಳು ಮನೆಯಲ್ಲಿದ್ದರು, ನನ್ನ ಅಮ್ಮನ ವಯಸ್ಸಿನವರು. ಯಾರೆಂದು ತಿಳಿದ ಮೇಲೂ "ಬರ್ರಿ, ಕುಂದರ್ರಿ" ಎಂದು ಚಾಪೆ ಹಾಸಿ, ನೀರು ಬೆಲ್ಲ ತಂದಿಟ್ಟರು. ಅಜ್ಜ ಬೆಲ್ಲ ಮುಟ್ಟದೆ ಹೇಳಿದ: "ಅವತ್ತು ನಾನು ನಿಮ್ಮಪ್ಪನನ್ನು ಕಂಡೆ ಅಂತ ಹೇಳಿದೆ. ನಾನು ಕಂಡಿರಲಿಲ್ಲ. ಕತ್ತಲಿತ್ತು."

ಆಕೆ ಬಹಳ ಹೊತ್ತು ಅಜ್ಜನ ಮುಖವನ್ನೇ ನೋಡಿದರು. "ಅವತ್ತು ಗುಡಿಯಾಗ ತಾಳ ಹಾಕ್ಕೋತ ಕುಂತಿದ್ದೆ ಅಂತ ನಮ್ಮಪ್ಪ ಸಾಯೂತನಾ ಹೇಳ್ತಿದ್ದ" ಎಂದರು. "ಯಾರೂ ಕೇಳವಲ್ರಾಗಿದ್ರು."

ಅಜ್ಜ ಜೇಬಿನಿಂದ ಒಂದು ಲಕೋಟೆ ತೆಗೆದು ಚಾಪೆಯ ಮೇಲಿಟ್ಟ. ಆಕೆ ಅದನ್ನು ಹಾಗೆಯೇ ಹಿಂದಕ್ಕೆ ಸರಿಸಿದರು.

"ರೊಕ್ಕ ಬ್ಯಾಡ್ರಿ. ನನ್ನ ತಮ್ಮ ಹೊಲದಿಂದ ಸಂಜೀಗೆ ಬರ್ತಾನ. ಅವಂಗ ಈಗ ಮೊಮ್ಮಕ್ಕಳು ಅದಾರ. ಅವರ ಮುಂದ ಇನ್ನೊಂದು ಸಲ ಇದನ್ನ ಹೇಳ್ರಿ."

ಶಿರಸಿಗೆ ಕೊನೆಯ ಬಸ್ಸು ಐದೂವರೆಗಿತ್ತು. ನಾನು ಗಡಿಯಾರ ನೋಡಿದೆ. ಅಜ್ಜ ಶಾಲನ್ನು ಮಡಚಿ ಪಕ್ಕದಲ್ಲಿಟ್ಟು, ಗೋಡೆಗೆ ಒರಗಿ ಕೂತ. ಬೆಲ್ಲದ ಒಂದು ಚೂರು ಬಾಯಿಗೆ ಹಾಕಿಕೊಂಡು, "ಮನೆಗೆ ಫೋನು ಮಾಡು, ನಾಳೆ ಬರ್ತೇವೆ ಅಂತ ಹೇಳು" ಎಂದ.

ಈ ಬರಹವನ್ನು ಕಳಿಸುವ ಮೊದಲು ಅಜ್ಜನಿಗೆ ಓದಿ ಹೇಳಿದ್ದೇನೆ. ಒಂದೇ ಒಂದು ತಿದ್ದುಪಡಿ ಮಾಡಿಸಿದ. ಕವಳದ ಸಂಚಿಯನ್ನು ಅವನು ಮರೆತದ್ದಲ್ಲವಂತೆ, ಅಮ್ಮಮ್ಮ ಕೊಡುವುದನ್ನು ಮರೆತದ್ದಂತೆ. ಅಮ್ಮಮ್ಮ ಅದನ್ನು ಒಪ್ಪುವುದಿಲ್ಲವಾದ್ದರಿಂದ ಮೊದಲಿದ್ದ ಹಾಗೆಯೇ ಬಿಟ್ಟಿದ್ದೇನೆ.